ಜ್ವರ, ದದ್ದು ಮತ್ತು ದಿನದ ಲೆಕ್ಕ

ಮಗುವಿನ ಮೈಮೇಲೆ ಏನೋ ಎದ್ದಿದೆ ಎಂದು ಕರೆತಂದರೆ, ಬಟ್ಟೆ ಬಿಚ್ಚಿಸುವ ಮೊದಲೇ ಚೀಟಿಯ ಮೇಲೆ ಮೂರು ದಿನಾಂಕ ಬರೆದುಕೊಳ್ಳುತ್ತೇನೆ: ಜ್ವರ ಬಂದದ್ದು, ದದ್ದು ಎದ್ದದ್ದು, ಔಷಧಿ ಶುರು ಮಾಡಿದ್ದು. ಅರ್ಧ ರೋಗನಿರ್ಣಯ ಅಲ್ಲೇ ಆಗುತ್ತದೆ.

ಆರು ತಿಂಗಳಿಂದ ಎರಡು ವರ್ಷದೊಳಗಿನ ಮಗುವಿಗೆ ಮೂರ್ನಾಲ್ಕು ದಿನ ಸುಡುಜ್ವರವಿದ್ದು, ಅದು ಬಿಟ್ಟ ಮೇಲೆ ಎದೆ-ಬೆನ್ನಿನಲ್ಲಿ ತಿಳಿಗೆಂಪು ಚುಕ್ಕೆ ಎದ್ದು, ಮಗು ಆಡಿಕೊಂಡಿದ್ದರೆ ಅದು ರೋಸಿಯೋಲಾ ಎಂಬ ವೈರಸ್ ಜ್ವರ. ನಡುವೆ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟಿದ್ದರೆ ಇದನ್ನೇ 'ಔಷಧಿ ಅಲರ್ಜಿ' ಎಂದು ಬರೆದುಬಿಡುತ್ತಾರೆ. ಆ ಹಣೆಪಟ್ಟಿ ಮಗುವಿಗೆ ವರ್ಷಗಟ್ಟಲೆ ಅಂಟಿಕೊಳ್ಳುತ್ತದೆ.

ಡೆಂಗಿಯಲ್ಲೂ ಜ್ವರ ಇಳಿಯುವ ಹೊತ್ತಿಗೇ ದದ್ದು ಬರಬಹುದು, ಆದರೆ ಅಪಾಯದ ಗಳಿಗೆಯೂ ಅದೇ. ಹೊಟ್ಟೆನೋವು, ಬಿಡದ ವಾಂತಿ, ತಣ್ಣನೆಯ ಕೈಕಾಲು, ಮಂಕು ಇವೆಯೇ ಎಂದು ಕೇಳಿ, ನೋಡಿ, ಪ್ಲೇಟ್‌ಲೆಟ್ ಜೊತೆ ಹಿಮಟೋಕ್ರಿಟ್ಟನ್ನೂ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಮಾಡಿಸುತ್ತೇನೆ. ಜ್ವರದ ಐದನೇ ದಿನ ದಾಟಿದರೆ, ಡೆಂಗಿ ವೈರಸ್ಸಿನ ಪ್ರೋಟೀನ್ ಹುಡುಕುವ ಎನ್‌ಎಸ್‌1 ಪರೀಕ್ಷೆ ನೆಗೆಟಿವ್ ಬಂದರೂ ನಂಬುವುದಿಲ್ಲ, ಮೈ ತಯಾರಿಸುವ ಪ್ರತಿಕಾಯ ನೋಡುವ ಐಜಿಎಂ ಪರೀಕ್ಷೆ ಬೇಕು.

ದಡಾರದಲ್ಲಿ ಜ್ವರ ಇಳಿಯುವುದಿಲ್ಲ, ದದ್ದಿನ ಜೊತೆ ಏರುತ್ತದೆ. ಕೆಮ್ಮು, ಸೋರುವ ಮೂಗು, ಕೆಂಗಣ್ಣು ಇದ್ದು, ದದ್ದು ಕಿವಿ ಹಿಂದಿನಿಂದ ಕೆಳಕ್ಕೆ ಹರಡಿರಬೇಕು. ಕೆನ್ನೆಯ ಒಳಗಿನ ಸಣ್ಣ ಬಿಳಿ ಚುಕ್ಕೆಗಳು (ಕಾಪ್ಲಿಕ್ ಚುಕ್ಕೆ) ದದ್ದಿಗೆ ಮುಂಚೆ ಬಂದು ಬೇಗ ಮಾಯವಾಗುತ್ತವೆ. ಕಾಣಲಿಲ್ಲವೆಂದು ದಡಾರ ಅಲ್ಲ ಎನ್ನಲಾಗದು. ದದ್ದೆದ್ದ ಮೊದಲ ಮೂರು ದಿನದಲ್ಲಿ ಐಜಿಎಂ ನೆಗೆಟಿವ್ ಬಂದರೂ ಹಾಗೆಯೇ, ಗಂಟಲ ಸ್ವ್ಯಾಬ್ ಪಿಸಿಆರ್‌ಗೆ ಕಳಿಸಬೇಕು. ವರ್ಷ ದಾಟಿದ ಮಗುವಿಗೆ ಎ ಜೀವಸತ್ವ 2 ಲಕ್ಷ ಯೂನಿಟ್, ಸತತ ಎರಡು ದಿನ, ವರದಿಗೆ ಕಾಯುವುದಿಲ್ಲ.

ಪುಸ್ತಕದ ಕೆಂಪು ನಮ್ಮ ಮೈಬಣ್ಣದಲ್ಲಿ ಕಾಣುವುದೇ ಕಡಿಮೆ. ಕಿಟಕಿಯ ಬೆಳಕಿಗೆ ಓರೆಯಾಗಿ ನಿಲ್ಲಿಸಿ ಬೆರಳಾಡಿಸಿದರೆ ಉಬ್ಬು ತಿಳಿಯುತ್ತದೆ. ಬೇವು-ಅರಿಸಿನ ಇಲ್ಲವೇ ಕ್ಯಾಲಮಿನ್ ಬಳಿದಿದ್ದರೆ ಮೊದಲು ಉಗುರುಬೆಚ್ಚಗಿನ ನೀರಲ್ಲಿ ಒರೆಸಿಸುತ್ತೇನೆ.

ನೀರುಗುಳ್ಳೆಗೆ ಎಲ್ಲರೂ 'ಅಮ್ಮ' ಎನ್ನುತ್ತಾರೆ. ಸೀತಾಳೆ ಸಿಡುಬಾದರೆ ನೆತ್ತಿಯ ಕೂದಲೊಳಗೂ ಇರುತ್ತವೆ, ಒಂದೇ ಜಾಗದಲ್ಲಿ ಹೊಸತು, ಒಡೆದದ್ದು, ಹಕ್ಕಳೆ ಮೂರೂ ಸಿಗುತ್ತವೆ. ಅಂಗೈ, ಅಂಗಾಲು, ಕುಂಡಿ, ಬಾಯಿ ಹಿಡಿದಿದ್ದರೆ ಕೈ-ಕಾಲು-ಬಾಯಿ ರೋಗ. ಈ ರೋಗ ತರುವ ವೈರಸ್‌ಗಳಲ್ಲಿ ಕಾಕ್ಸಾಕಿ ಎ6 ಮಾತ್ರ ಬಾಯಿಯ ಸುತ್ತ, ತೋಳು-ತೊಡೆಗೂ ಹರಡಿ ಮೋಸ ಮಾಡುತ್ತದೆ; ಆಗ ಹೊಸ ಗುಳ್ಳೆಯ ತಳ ಕೆರೆದು ಜೀಮ್ಸಾ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಹಲವು ಕೋಶಕೇಂದ್ರಗಳಿರುವ ದೈತ್ಯ ಕೋಶ ಸಿಕ್ಕರೆ ಸೀತಾಳೆ ಸಿಡುಬು ಅಥವಾ ಹರ್ಪಿಸ್ ವೈರಸ್ಸಿನ ಗುಳ್ಳೆ. ಹಕ್ಕಳೆ ಕೆರೆದರೆ ಏನೂ ಸಿಗದು. ಎ6 ಆದಮೇಲೆ ಕೆಲವು ವಾರಕ್ಕೆ ಉಗುರು ಕಳಚಬಹುದು, ತಾನೇ ಬೆಳೆಯುತ್ತದೆ. ಇದನ್ನು ತಾಯಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಯಾವ ದದ್ದೇ ಇರಲಿ, ಗಾಜಿನ ಸ್ಲೈಡ್ ಒತ್ತಿ ನೋಡುತ್ತೇನೆ. ಬಣ್ಣ ಮಾಸದಿದ್ದರೆ ಅದು ಚರ್ಮದೊಳಗಿನ ರಕ್ತಸ್ರಾವ. ಜ್ವರದ ಮಗು ಮಂಕಾಗಿಯೂ ಇದ್ದರೆ ವೈರಸ್ ಹೆಸರು ಹುಡುಕುತ್ತ ಕೂರದೆ, ಮೆನಿಂಗೊಕಾಕಲ್ ಎಂಬ ಪ್ರಾಣಾಂತಿಕ ಬ್ಯಾಕ್ಟೀರಿಯಾ ಸೋಂಕೆಂದೇ ಹಿಡಿದು ಸೆಫ್ಟ್ರಿಯಾಕ್ಸೋನ್ ಆ್ಯಂಟಿಬಯಾಟಿಕ್ ಕೊಟ್ಟು ಆಂಬುಲೆನ್ಸ್ ಕರೆಸುತ್ತೇನೆ.