ಮಾತೃ, ಪಿತೃ, ರಾಜ, ಸಿಐಡಿ: ನಾನು ಇಂಗ್ಲಿಷ್ ಪದ ಕಲಿತ ದಾರಿ

ಕೇಂದ್ರ ಸರ್ಕಾರದ ಕೆಲಸಕ್ಕೆ ನಡೆಯುವ ಎಸ್‌ಎಸ್‌ಸಿ ಪರೀಕ್ಷೆಗೆ ಕೂತವರಿಗೆ 'ಒನ್ ವರ್ಡ್ ಸಬ್‌ಸ್ಟಿಟ್ಯೂಷನ್' ಗೊತ್ತೇ ಇರುತ್ತದೆ. ಒಂದು ವಾಕ್ಯ ಕೊಟ್ಟು, ಅಷ್ಟಕ್ಕೂ ಸೇರಿ ಒಂದೇ ಪದ ಹೇಳಿ ಅಂತಾರೆ. ನಾನು ಓದಿದ್ದು ಕನ್ನಡ ಮೀಡಿಯಂ. ಲೆಕ್ಕ, ಜಿಕೆ ಹೇಗೋ ನಡೆಯುತ್ತಿತ್ತು. ಈ ಪದಗಳದ್ದೇ ತಲೆಬಿಸಿ. ಗೈಡುಗಳಲ್ಲಿ ಎ ಇಂದ ಝಡ್‌ವರೆಗೆ ಪದ, ಪಕ್ಕದಲ್ಲಿ ಅರ್ಥ. ಬೆಳಿಗ್ಗೆ ಉರು ಹೊಡೆದದ್ದು ಸಂಜೆಗೆ ಮಾಯ. ಕೊನೆಗೆ ಆ ಕ್ರಮವನ್ನೇ ಬಿಟ್ಟೆ. ಹೊಟ್ಟೆಯೊಳಗೆ ಒಂದೇ ಅಕ್ಷರಗಳಿರುವ ಪದಗಳನ್ನು ಹುಡುಕಿ, ಒಂದೊಂದು ಪುಟಕ್ಕೆ ಒಂದೊಂದು ಗುಂಪು ಮಾಡಿದೆ. ಈಗ ಸಂಜೆ ಹೊತ್ತು ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುವಾಗಲೂ ಇದೇ ದಾರಿ.

ನನ್ನ ನೋಟ್‌ಬುಕ್ಕಿನ ಮೊದಲ ಪುಟ ಸಿ-ಐ-ಡಿ-ಇ. ಸಿಐಡಿ ಪಕ್ಕಕ್ಕೊಂದು ಇ. ಕೊಲೆಯಾದಲ್ಲಿ ಸಿಐಡಿ ಬರಲೇಬೇಕಲ್ವಾ? ಈ ಅಕ್ಷರಗಳ ಹಿಂದೆ ಇರುವುದು 'ಕಡಿ, ಕೊಲ್ಲು' ಎಂಬ ಅರ್ಥದ ಲ್ಯಾಟಿನ್ ಪದ. ಹೋಮಿಸೈಡ್ ಅಂದರೆ ನರಹತ್ಯೆ, ಇನ್‌ಫ್ಯಾಂಟಿಸೈಡ್ ಅಂದರೆ ಶಿಶುಹತ್ಯೆ. ಹಳ್ಳಿ ಹುಡುಗರಿಗೆ ಇದನ್ನು ಗೊಬ್ಬರದ ಅಂಗಡಿಯಿಂದ ಶುರು ಮಾಡುತ್ತೇನೆ. ಪೆಸ್ಟಿಸೈಡ್, ಫಂಗಿಸೈಡ್, ವೀಡಿಸೈಡ್ ಅವರ ಬಾಯಲ್ಲೇ ಇವೆ. ಕೀಟ, ಶಿಲೀಂಧ್ರ, ಕಳೆ, ಯಾವುದನ್ನು ಕೊಲ್ಲುತ್ತದೆ ಅನ್ನುವುದಷ್ಟೇ ವ್ಯತ್ಯಾಸ. ಜೆನೊಸೈಡ್ ಮಾತ್ರ ತೀರಾ ಹೊಸದು. ಒಂದು ಜನಾಂಗವನ್ನೇ ಮುಗಿಸುವುದಕ್ಕೆ ಹೆಸರು ಬೇಕೆಂದು ರಫಾಯೆಲ್ ಲೆಮ್ಕಿನ್ ಎಂಬ ವಕೀಲರು ಕಟ್ಟಿದ ಪದ, 1944ರಲ್ಲಿ ಅಚ್ಚಾಯಿತು.

ಅದೇ ಪುಟದಲ್ಲಿ ಕೆಳಗೆ ಬರುತ್ತಾ ನನಗೆ ಬೇರೊಂದು ಕಂಡಿತು. ಮ್ಯಾಟ್ರಿಸೈಡ್ ತಾಯಿಯ ಕೊಲೆ. ಪ್ಯಾಟ್ರಿಸೈಡ್ ತಂದೆಯ ಕೊಲೆ. ಫ್ರಾಟ್ರಿಸೈಡ್ ಸಹೋದರನ ಕೊಲೆ. ರೆಜಿಸೈಡ್ ರಾಜನ ಕೊಲೆ. ಗೈಡಿನಲ್ಲಿ ನಾಲ್ಕು ಬೇರೆ ಬೇರೆ ಪದ. ನಿಧಾನಕ್ಕೆ ಓದಿ ನೋಡಿ: ಮಾತೃ, ಪಿತೃ, ಭ್ರಾತೃ, ರಾಜ. ನಾವು ಮಾತೃಭಾಷೆ, ಪಿತೃಪಕ್ಷ ಅನ್ನುವವರು. ಅರ್ಧ ಪದ ಆಗಲೇ ನಮ್ಮ ಹತ್ತಿರ ಇತ್ತು! ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಎಂದು ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಹೇಳಿದ್ದು 1786ರಲ್ಲಿ. ಅವರು ಅಲ್ಲಿ ಜಡ್ಜ್ ಆಗಿದ್ದರು. ಪಾಠದಲ್ಲಿ ಇದನ್ನು ನಾನೂ ಓದಿದ್ದೆ. ಆದರೆ ಅದರಿಂದ ಮಾರ್ಕ್ಸ್ ಬರುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಪುಟದ ನೆತ್ತಿಯ ಮೇಲೆ ನಮ್ಮ ಪದ ಬರೆಯತೊಡಗಿದೆ. 'ಅಗ್ನಿ' ಅಂತ ಬರೆದು ಕೆಳಗೆ ಇಗ್ನೈಟ್, ಇಗ್ನಿಷನ್. ಗಾಡಿಗೆ ಕೀ ಹಾಕುವ ಜಾಗಕ್ಕೆ ಆ ಹೆಸರು ಯಾಕೆ ಅಂತ ಆಗ ಗೊತ್ತಾಯಿತು. 'ದಂತ'ದ ಕೆಳಗೆ ಡೆಂಟಲ್, ಡೆಂಟಿಸ್ಟ್. 'ಯುವ' ಕೆಳಗೆ ಜುವೆನೈಲ್. 'ಸರ್ಪ' ಕೆಳಗೆ ಸರ್ಪೆಂಟ್. 'ನವ' ಕೆಳಗೆ ನಾವೆಲ್ಟಿ, ರೆನೊವೇಟ್, ಮತ್ತೆ ಹೊಸಬ ಎಂಬ ಅರ್ಥದ ನಾವಿಸ್. 'ವಾಕ್' ಪುಟ ಎಲ್ಲಕ್ಕಿಂತ ಉದ್ದ. ವೋಕಲ್, ವೊಕ್ಯಾಬುಲರಿ, ನೆರವಿಗೆ ಕರೆಸಿಕೊಂಡವರು ಅಡ್ವೊಕೇಟ್. ಸಿ ಹೋಗಿ ಕೆ ಬಂದರೆ ರಿವೋಕ್, ಅಂದರೆ ವಾಪಸ್ ಕರೆ, ರದ್ದು ಮಾಡು. ಪ್ರವೋಕ್ ಅಂದರೆ ಕರೆದು ಕೆಣಕು. ನನಗೆ ತುಂಬ ಇಷ್ಟವಾದದ್ದು ಸೆಂಟಿಪೀಡ್. ನಮ್ಮ 'ಶತಪದಿ'ಯ ಜೊತೆ ಇಟ್ಟರೆ ಸೆಂಟ್‌ಗೆ ಶತ, ಪೀಡ್‌ಗೆ ಪದ. ಎರಡೂ ಕಡೆ ಎರಡೂ ತುಂಡು ನೆಂಟರು.

ಆದರೆ ಅಕ್ಷರ ಕೂಡಿದ ಮಾತ್ರಕ್ಕೆ ಸಂಬಂಧ ಕೂಡುವುದಿಲ್ಲ. ಪಿ-ಇ-ಡಿ ನೋಡಿ. ಪೆಡಲ್, ಪೆಡೆಸ್ಟ್ರಿಯನ್ ಎಲ್ಲ ಪಾದದವು. ಪೀಡಿಯಾಟ್ರಿಷಿಯನ್ ಕಾಲಿನ ಡಾಕ್ಟರಲ್ಲ, ಮಕ್ಕಳ ಡಾಕ್ಟರು. ಅದು 'ಮಗು' ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಬ್ರಿಟಿಷರ ಸ್ಪೆಲಿಂಗ್‌ನಲ್ಲಿ ನಡುವೆ ಒಂದು ಎ ಇರುತ್ತದೆ, ಅದನ್ನು ಬರೆದರೆ ಗೊಂದಲವೇ ಇಲ್ಲ. ಕೋಇನ್‌ಸೈಡ್ ಕೂಡ ಹಾಗೆ. ಕೊನೆಗೆ ಸಿ-ಐ-ಡಿ-ಇ ಇದ್ದರೂ ಅಲ್ಲಿ ಕೊಲೆ ಇಲ್ಲ. ಅದರ ಮೂಲ 'ಬೀಳು' ಎಂಬ ಅರ್ಥದ ಬೇರೆ ಪದ. ಆಕ್ಸಿಡೆಂಟ್, ಇನ್ಸಿಡೆಂಟ್ ಅದರ ಬಳಗ. ಡಿಸೈಡ್ ಮಾತ್ರ ನಿಜವಾಗಿ ಕಡಿಯುವ ಗುಂಪಿನದೇ: ಅತ್ತಿತ್ತ ಎಳೆಯುವುದನ್ನು ಕಡಿದು ಹಾಕುವುದು. ಹೀಗಾಗಿ ಪದದ ಮೂಲ ಕೊಡುವ ಡಿಕ್ಷನರಿ ನೋಡದೆ ಯಾವ ಪದವನ್ನೂ ಪುಟಕ್ಕೆ ಸೇರಿಸಬೇಡಿ ಅಂತ ಹುಡುಗರಿಗೆ ಹೇಳುತ್ತೇನೆ.

ಕನ್ನಡದವರಿಗೆ ಇನ್ನೊಂದು ಗುಂಡಿ ಇದೆ. ಮನೆ–ಮ್ಯಾನ್ಷನ್, ಒಂದು–ಒನ್, ಎಂಟು–ಎಯ್ಟ್. ಎಷ್ಟು ಚೆನ್ನಾಗಿ ಹೊಂದುತ್ತವೆ ಅಲ್ವಾ? ಒಂದೂ ನಿಜವಲ್ಲ. ಮನೆ, ಒಂದು, ಎಂಟು ದ್ರಾವಿಡ ಪದಗಳು. ಅವಕ್ಕೂ ಇಂಗ್ಲಿಷಿಗೂ ನೆಂಟಸ್ತಿಕೆ ಇಲ್ಲ. ಸುಮ್ನೆ ಕಾಕತಾಳೀಯ. ಇಂಥವನ್ನು ನೋಡಿ ಕನ್ನಡದಿಂದಲೇ ಇಂಗ್ಲಿಷ್ ಹುಟ್ಟಿತು ಅನ್ನುವವರೂ ಇದ್ದಾರೆ. ಅವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ.

ಪಾದಕ್ಕೆ ಪೆಡ್ ಸರಿ, ಹಾಗಾದರೆ ಫುಟ್ ಎಲ್ಲಿಂದ ಬಂತು ಅಂತ ಒಬ್ಬಳು ಕೇಳಿದ್ದಳು. ಒಳ್ಳೆ ಪ್ರಶ್ನೆ. ಪೆಡ್ ಲ್ಯಾಟಿನ್ನಿನಿಂದ ತಂದದ್ದು, ಫುಟ್ ಇಂಗ್ಲಿಷಿನ ಸ್ವಂತದ್ದು. ಎರಡೂ ಪಾದದ ಬಂಧುಗಳೇ. ಇಂಗ್ಲಿಷ್, ಜರ್ಮನ್ ಬಳಗದಲ್ಲಿ ಹಳೆಯ 'ಪ' ಹೋಗಿ 'ಫ' ಆಯಿತು, 'ದ' ಹೋಗಿ 'ಟ' ಆಯಿತು. ಹಾಗಾಗಿ ನಮ್ಮಲ್ಲಿ ಪಿತೃ ಇದ್ದರೆ ಅಲ್ಲಿ ಫಾದರ್, ದಶ ಇದ್ದರೆ ಟೆನ್, ದ್ವಿ ಇದ್ದರೆ ಟೂ. ಕಾಗಕ್ಕ ಗುಬ್ಬಕ್ಕನ ಥರದ ಕತೆಗಳನ್ನು ತಮ್ಮನ ಜೊತೆ ಸೇರಿ ಕೂಡಿಸಿದ ಜರ್ಮನಿಯ ಯಾಕೋಬ್ ಗ್ರಿಮ್ ಇದ್ದಾರಲ್ಲ, ಈ ನಿಯಮವನ್ನು 1822ರಲ್ಲಿ ಬಿಡಿಸಿ ಬರೆದವರೂ ಅವರೇ. ಇದನ್ನು ತಿಳಿದ ಮೇಲೆ ಹುಡುಗರು ತಾವೇ ಜೋಡಿ ಹುಡುಕಿಕೊಂಡು ಬರುತ್ತಾರೆ. ಅರ್ಧ ತಪ್ಪಿರುತ್ತವೆ, ಡಿಕ್ಷನರಿ ತೆಗೆದು ತೀರ್ಮಾನ ಮಾಡುತ್ತೇವೆ.

ಪುಟದಲ್ಲಿ ಪದ, ಅರ್ಥ ಬರೆದರೆ ಸಾಲದು. ಪೇಪರಿನಲ್ಲಿ ಆ ಪದ ಕಂಡ ದಿನ ಆ ವಾಕ್ಯವನ್ನೂ ಕತ್ತರಿಸಿ ಅಂಟಿಸುತ್ತೇನೆ. ವಾಕ್ಯ ಸಿಗದ ಪದ ಪೆನ್ಸಿಲ್‌ನಲ್ಲೇ ಇರುತ್ತದೆ. ಸೊರೊರಿಸೈಡ್, ಅಂದರೆ ಸಹೋದರಿಯ ಕೊಲೆ, ಇವತ್ತಿಗೂ ಪೆನ್ಸಿಲ್‌ನಲ್ಲೇ ಇದೆ.

ಪುಟ್ ಆಫ್, ಪುಟ್ ಅಪ್ ವಿತ್, ಗೆಟ್ ಓವರ್ ಇಂಥವಕ್ಕೆ ಈ ದಾರಿ ನಡೆಯುವುದಿಲ್ಲ. ಅಲ್ಲಿ ಮೂಲ ಗೊತ್ತಿದ್ದೂ ಪ್ರಯೋಜನ ಕಡಿಮೆ. ಅವಕ್ಕೆ ಬೇರೆಯೇ ನೋಟ್‌ಬುಕ್ ಇಟ್ಟಿದ್ದೇನೆ, ವಾಕ್ಯದ ಸಮೇತ ಬಾಯಿಪಾಠ ಮಾಡಿಸುತ್ತೇನೆ.