ದಾಳಿಂಬೆಯ ಬಹಾರ್ ಸೇಬಿಗೂ ನಡೆಯುತ್ತದೆ: ನನ್ನ ಅನುಭವ

ಬಹಾರ್ ಅಂದರೆ ಗಿಡಕ್ಕೆ ವಿಶ್ರಾಂತಿ ಕೊಟ್ಟು ಬೇಕಾದಾಗ ಒಟ್ಟಿಗೆ ಹೂ ಬಿಡಿಸೋದು. ಹಾಗೆ ಮಾಡಿ ಚಿತ್ರದುರ್ಗದ ನಮ್ಮ ಹಿತ್ತಲಲ್ಲಿ ಈ ಸಲ ಎರಡು ಗಿಡ ಸೇರಿ ಹೆಚ್ಚುಕಡಿಮೆ 15 ಕೆಜಿ ಸೇಬು ಸಿಕ್ಕಿತು. "ಬಂಡೆ ಕಾಯೋ ಊರಲ್ಲಿ ಸೇಬಾ? ಸುಮ್ನೆ ಒಂದು ಸಪೋಟ ಹಾಕ್ರೀ" ಎಂದವರೇ ಈಗ ಕಸಿಗೆ ಕಡ್ಡಿ ಕೇಳುತ್ತಿದ್ದಾರೆ.

ಮೊದಲು ದುಡ್ಡು ಹೋದ ಕಥೆ. ಹೊರ ರಾಜ್ಯದ ಒಂದು ನರ್ಸರಿಯಿಂದ ಸಸಿ ತರಿಸಿದ್ದೆ. ಸಾಗಣೆ ಸೇರಿ ಒಂದಕ್ಕೆ 350 ರೂಪಾಯಿ ಹತ್ತಿರ ಬಿತ್ತು. ಚೀಟಿಯಲ್ಲಿ ಅನ್ನಾ ಅಂತಿತ್ತು, ಕಡಿಮೆ ಚಳಿ ಸಾಕಾಗುವ ಸೇಬಿನ ತಳಿ ಅದು. ಬೆಳೆದ ಮೇಲೆ ನೋಡಿದರೆ ಕೊಂಬೆಯುದ್ದಕ್ಕೂ ಚಿಗುರೋ ಕಣ್ಣು ಒಡೆಯಲ್ಲ, ತುದಿಯಲ್ಲಿ ಮಾತ್ರ ಒಂದು ಗೊಂಚಲು ಎಲೆ. ಚಳಿ ಸಾಲದ ಗಿಡದ ಗುರುತು ಅದು. ಬಂದದ್ದು ಡೆಲಿಷಿಯಸ್ ತಳಿ ಇರಬೇಕು. ಅದಕ್ಕೆ 7 ಡಿಗ್ರಿಗಿಂತ ಕೆಳಗೆ ಸಾವಿರ ಗಂಟೆಯ ಆಸುಪಾಸು ಚಳಿ ಬೇಕು. ನಮ್ಮಲ್ಲಿ ಎಲ್ಲಿಂದ ತರೋದು? ಕಿತ್ತು ಎಸೆದೆ. ಗುಂಡಿ, ಗೊಬ್ಬರ, ಡ್ರಿಪ್ ಸೇರಿ ಐದಾರು ಸಾವಿರ ಮಣ್ಣುಪಾಲು. ನರ್ಸರಿಯವರು ಫೋನೇ ಎತ್ತಲಿಲ್ಲ.

ಎರಡನೇ ಸಲ ಇಸ್ರೇಲಿನ ಅನ್ನಾ, ಬಹಾಮಾಸ್‌ನ ಡಾರ್ಸೆಟ್ ಗೋಲ್ಡನ್ ಜೋಡಿ ಹಾಕಿದೆ. ಅನ್ನಾ ಒಂದೇ ಇದ್ದರೆ ಕಾಯಿ ಸರಿಯಾಗಿ ಕಟ್ಟಲ್ಲ. ಜೊತೆಗೆ ಹಿಮಾಚಲದ ರೈತ ಹರಿಮನ್ ಶರ್ಮಾ ಅವರ ಎಚ್‌ಆರ್‌ಎಂಎನ್-99 ತಳಿ ಕೂಡ ಇತ್ತು. ಅದನ್ನು ಗೆದ್ದಲು ತಿಂದುಹಾಕಿತು, ತಳಿಯ ತಪ್ಪಲ್ಲ.

ತಳಿ ಸರಿಯಿದ್ದರೂ ನಮ್ಮ ಚಳಿ ಅನ್ನಾಗೂ ಸಾಲದು. ಇಲ್ಲೇ ಹಿರಿಯೂರು ಕಡೆಯ ದಾಳಿಂಬೆ ಬುದ್ಧಿ ಕೆಲಸಕ್ಕೆ ಬಂತು. ನೀರು ನಿಲ್ಲಿಸಿ, ಎಲೆ ಉದುರಿಸಿ, ಚಾಟ್ನಿ ಮಾಡಿ (ಕೊಂಬೆ ಸವರಿ) ಬಹಾರ್ ಹಿಡಿಯೋದು ನಮ್ಮವರಿಗೆ ಹೇಳಿಕೊಡಬೇಕಾ? ಜಾವಾ ದ್ವೀಪದ ಬಾತು ಎಂಬ ಊರಿನಲ್ಲಿ ಚಳಿಯೇ ಇಲ್ಲದೆ, ಕೈಯಲ್ಲಿ ಎಲೆ ಕಿತ್ತು ವರ್ಷಕ್ಕೆ ಎರಡು ಸಲ ಸೇಬು ಬೆಳೆಯುತ್ತಾರೆ ಅಂತ ಓದಿದ ಮೇಲೆ ಧೈರ್ಯ ಬಂತು. ಡಿಸೆಂಬರ್‌ನಲ್ಲಿ ನೀರು ಕಡಿಮೆ ಮಾಡಿದೆ, ಒಂದೊಂದೇ ಎಲೆ ತೊಟ್ಟು ಹಿಡಿದು ಕಿತ್ತೆ. ಎಳೆದರೆ ಕಣ್ಣೂ ಕಿತ್ತು ಬರುತ್ತೆ, ತುದಿ ಕಡೆಗೆ ತಳ್ಳಿ ಮುರಿಯಬೇಕು. ನೆಟ್ಟಗಿದ್ದ ಕೊಂಬೆಗಳನ್ನು ಸುತಳಿ ಕಟ್ಟಿ ಬಗ್ಗಿಸಿದೆ. ಎಲೆ ಕಿತ್ತ ಮೇಲೆ ಕಣ್ಣು ಒಡೆಸೋಕೆ ಒಂದು ಸಿಂಪಡಣೆ ಇದೆ, ಅದರ ಅಳತೆ ಇಲ್ಲಿ ಬರೆಯಲ್ಲ. ಜನವರಿ ಕೊನೆಗೆ ಕೊಂಬೆಯುದ್ದಕ್ಕೂ ಗುಲಾಬಿ ಬಣ್ಣದ ಮೊಗ್ಗು. ಮನೆಯವರೇ ನಂಬಲಿಲ್ಲ.

ಬಿಸಿಲಿಗೆ ಎಲೆಯಿಲ್ಲದ ಕಾಂಡ ಪಡುವಣ ಬದಿಯಲ್ಲಿ ಸೀಳುತ್ತದೆ. ಸುಣ್ಣ ಬಳಿದರೆ ಸಾಕು.

ಇದರ ಜೊತೆ ಸೀತಾಫಲದ ಆಟವೂ ನಡೆದಿದೆ. ಅರ್ಕಾ ಸಹನ ತಳಿಯ ಹಣ್ಣು ದೊಡ್ಡದು, ಬೀಜ ಕಡಿಮೆ, ಆದರೆ ತಾನಾಗಿ ಕಾಯಿ ಕಟ್ಟೋದು ಅಷ್ಟಕ್ಕಷ್ಟೆ. ಬಾಲಾನಗರ ತಳಿಯ ಹೂವಿನ ಪರಾಗ ಬೆಳಿಗ್ಗೆಯೇ ಬ್ರಷ್‌ನಲ್ಲಿ ತಾಗಿಸಿದ ಹೂ ಮಾತ್ರ ಗುಂಡಗೆ ಕಾಯಿ ಬಿಟ್ಟಿತು, ಉಳಿದವು ಸೊಟ್ಟ. ಬೆಳಿಗ್ಗೆ ಬೇಗ ಏಳುವವರಿಗೆ ಮಾತ್ರ ಈ ತಳಿ.

ಸೇಬು ಮಾರುವ ಆಸೆ ಇದ್ದರೆ ಬಿಡಿ. ಅನ್ನಾ ಮೇ ಬಿಸಿಲಿಗೆ ಹಣ್ಣಾಗುತ್ತದೆ, ಕಿತ್ತ ವಾರದೊಳಗೆ ಹಿಟ್ಟುಹಿಟ್ಟಾಗುತ್ತದೆ. ಬಣ್ಣ ಪೂರ್ತಿ ಬರೋಕೆ ಮೊದಲೇ, ಗರಿಗರಿ ಇದ್ದಾಗ ಕಿತ್ತು ಮನೆಮಂದಿ ತಿನ್ನಬೇಕು. ಉಪ್ಪುಖಾರ ಹಾಕಿದರೆ ಇನ್ನೂ ಚೆನ್ನ.