ಮಾತ್ರೆ ಕೆಲಸ ಮಾಡಲಿಲ್ಲ ಎಂದು ಬರುವವರಿಗೆ

ನಿಮಿರು ದೌರ್ಬಲ್ಯಕ್ಕೆ ಚಿಕಿತ್ಸೆ ಬೇಕೆಂದು ನನ್ನಲ್ಲಿಗೆ ಬರುವವರಲ್ಲಿ ಅನೇಕರು ಅದಾಗಲೇ ಮೆಡಿಕಲ್ ಶಾಪಿನಿಂದ ಸಿಲ್ಡೆನಾಫಿಲ್ ತಂದು ನುಂಗಿ ನೋಡಿರುತ್ತಾರೆ. "ಏನೂ ಪ್ರಯೋಜನ ಆಗಲಿಲ್ಲ ಸರ್" ಅನ್ನುತ್ತಾರೆ. ಬೇರೆ ಔಷಧ ಬರೆಯುವ ಮುಂಚೆ ಆ ಮಾತ್ರೆಯನ್ನು ಹೇಗೆ ತೆಗೆದುಕೊಂಡರು ಎಂದು ಬಿಡಿಸಿ ಕೇಳುತ್ತೇನೆ. ಎಷ್ಟು ಮಿಲಿಗ್ರಾಂ, ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ಹೊತ್ತು ಕಾದರು, ಒಟ್ಟು ಎಷ್ಟು ಸಲ ಪ್ರಯತ್ನಿಸಿದರು. ತೊಂದರೆಯ ಮೂಲ ಬಹಳಷ್ಟು ಸಲ ಈ ಉತ್ತರಗಳಲ್ಲೇ ಸಿಗುತ್ತದೆ.

ಮಾತ್ರೆ ತಾನಾಗಿ ನಿಮಿರಿಸುವುದಿಲ್ಲ. ಮನಸ್ಸಿಗೆ ಆಸೆ ಹುಟ್ಟಿ, ಸ್ಪರ್ಶ ಸಿಕ್ಕಾಗ ಶಿಶ್ನದ ನರಗಳು ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುತ್ತವೆ. ಅದರಿಂದ ಸೈಕ್ಲಿಕ್ ಜಿಎಂಪಿ ಎಂಬ ರಾಸಾಯನಿಕ ಹೆಚ್ಚಿ, ಒಳಗಿನ ಸ್ನಾಯು ಸಡಿಲಗೊಂಡು ರಕ್ತ ತುಂಬಿಕೊಳ್ಳುತ್ತದೆ. ಪಿಡಿಇ-5 ಎಂಬ ಕಿಣ್ವ ಈ ಜಿಎಂಪಿಯನ್ನು ಒಡೆದುಹಾಕುತ್ತದೆ, ಸಿಲ್ಡೆನಾಫಿಲ್ ಆ ಕಿಣ್ವವನ್ನು ತಡೆದು, ಹುಟ್ಟಿದ ಜಿಎಂಪಿಯನ್ನು ಉಳಿಸುತ್ತದೆ ಅಷ್ಟೆ. ಹಾಗಾಗಿ ಮಾತ್ರೆ ನುಂಗಿ ಮೊಬೈಲ್ ನೋಡುತ್ತ ಮಲಗಿದರೆ ಏನೂ ಆಗುವುದಿಲ್ಲ. ಹಳೆಯ ಸಕ್ಕರೆ ಕಾಯಿಲೆಯಿಂದಲೋ ಪ್ರಾಸ್ಟೇಟ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಿಂದಲೋ ನರಗಳೇ ಹಾಳಾಗಿದ್ದರೆ ಫಲ ಕಡಿಮೆ ಇರುವುದೂ ಇದೇ ಕಾರಣಕ್ಕೆ.

ಸಾಮಾನ್ಯವಾಗಿ 50 ಮಿ.ಗ್ರಾಂನಿಂದ ಶುರು ಮಾಡುತ್ತೇನೆ. 65 ದಾಟಿದವರಿಗೆ, ಪಿತ್ತಜನಕಾಂಗ ಅಥವಾ ಮೂತ್ರಪಿಂಡದ ತೀವ್ರ ತೊಂದರೆ ಇರುವವರಿಗೆ, ಪ್ರಾಸ್ಟೇಟಿಗೆಂದು ಟ್ಯಾಮ್ಸುಲೋಸಿನ್ ನುಂಗುವವರಿಗೆ 25 ಸಾಕು. ಸಂಭೋಗಕ್ಕೆ ಒಂದು ಗಂಟೆ ಮೊದಲು, ಹೊಟ್ಟೆ ಹಗುರವಾಗಿದ್ದಾಗ ತೆಗೆದುಕೊಳ್ಳಬೇಕು. ಬಿರಿಯಾನಿ ತಿಂದು ನುಂಗಿದರೆ ಜಿಡ್ಡಿನಿಂದಾಗಿ ಪರಿಣಾಮ ಸುಮಾರು ಒಂದು ಗಂಟೆ ತಡವಾಗುತ್ತದೆ, ಶಕ್ತಿಯೂ ತಗ್ಗುತ್ತದೆ. ಸಾಲದಿದ್ದರೆ 100ರವರೆಗೆ ಏರಿಸಬಹುದು, ಆದರೆ 24 ಗಂಟೆಯಲ್ಲಿ ಒಂದೇ ಸಲ. ಗಡಿಯಾರ ನೋಡುವುದೇ ಆತಂಕ ಎನ್ನುವವರಿಗೆ ಇದೇ ಗುಂಪಿನ ಟಡಾಲಾಫಿಲ್ ಹೊಂದುತ್ತದೆ. 10 ಅಥವಾ 20 ಮಿ.ಗ್ರಾಂ ತೆಗೆದುಕೊಂಡರೆ ಊಟದ ಹಂಗಿಲ್ಲ, ಪರಿಣಾಮ 36 ಗಂಟೆಯವರೆಗೂ ಇರಬಹುದು. ದಿನವೂ 5 ಮಿ.ಗ್ರಾಂ ತೆಗೆದುಕೊಳ್ಳುವ ಕ್ರಮವೂ ಇದೆ. ಪೂರ್ತಿ ಡೋಸಿನಲ್ಲಿ ಆರೆಂಟು ಸಲ ಸರಿಯಾಗಿ ಪ್ರಯತ್ನಿಸದೆ ಔಷಧ ಸೋತಿತು ಎಂದು ನಾನು ಒಪ್ಪುವುದಿಲ್ಲ. ತಲೆನೋವು, ಮುಖ ಬಿಸಿಯಾಗುವುದು, ಮೂಗು ಕಟ್ಟುವುದು, ಎದೆಯುರಿ ಬರಬಹುದು. ಟಡಾಲಾಫಿಲಿಗೆ ಬೆನ್ನುನೋವೂ ಉಂಟು. ಇದನ್ನು ಮೊದಲೇ ಹೇಳಿದ್ದರೆ ಯಾರೂ ಗಾಬರಿಯಾಗಿ ಬಿಡುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್, ನೈಟ್ರೋಗ್ಲಿಸರಿನ್ ಮುಂತಾದ ನೈಟ್ರೇಟ್ ಔಷಧಗಳನ್ನಾಗಲಿ, ನಿಕೊರಾಂಡಿಲ್ ಮಾತ್ರೆಯನ್ನಾಗಲಿ ಬಳಸುವವರಿಗೆ ಈ ಗುಂಪಿನ ಯಾವ ಮಾತ್ರೆಯನ್ನೂ ಕೊಡುವುದಿಲ್ಲ. ಎರಡೂ ಸೇರಿದರೆ ಬಿಪಿ ಪ್ರಾಣಕ್ಕೆ ಕುತ್ತಾಗುವಷ್ಟು ಕುಸಿಯುತ್ತದೆ. ಸಿಲ್ಡೆನಾಫಿಲ್ ನುಂಗಿ 24 ಗಂಟೆ, ಟಡಾಲಾಫಿಲ್ ನುಂಗಿ 48 ಗಂಟೆ ಕಳೆಯುವವರೆಗೆ ನೈಟ್ರೇಟ್ ಕೊಡಬಾರದು. ಅದಕ್ಕೇ, ಮಾತ್ರೆ ತೆಗೆದುಕೊಳ್ಳುವ ವಿಷಯ ಹೆಂಡತಿಗೆ ಗೊತ್ತಿರಲಿ ಎಂದು ಒತ್ತಿ ಹೇಳುತ್ತೇನೆ. ಎದೆನೋವು ಬಂದು ಆಸ್ಪತ್ರೆಗೆ ಒಯ್ದರೆ ವೈದ್ಯರಿಗೆ ಅದನ್ನು ಹೇಳುವವರು ಅವರೇ. ಸಂಕೋಚದಿಂದ ಮುಚ್ಚಿಟ್ಟರೆ ಅಪಾಯ.

ಹೃದಯದ ಮಾತು ಇನ್ನೊಂದು ಕಾರಣಕ್ಕೂ ಬರುತ್ತದೆ. ಶಿಶ್ನದ ರಕ್ತನಾಳದ ಅಗಲ 1–2 ಮಿ.ಮೀ., ಹೃದಯದ್ದು 3–4 ಮಿ.ಮೀ. ಕೊಬ್ಬು ಕಟ್ಟಿಕೊಂಡಾಗ ಸಣ್ಣದೇ ಮೊದಲು ತೊಂದರೆ ತೋರಿಸುತ್ತದೆ. ಹೀಗಾಗಿ ನಲವತ್ತು ದಾಟಿದವರಲ್ಲಿ ನಿಧಾನವಾಗಿ ಬಂದ ದೌರ್ಬಲ್ಯವನ್ನು ನಾನು ಬರೀ ಹಾಸಿಗೆಯ ಸಮಸ್ಯೆ ಎಂದು ನೋಡುವುದಿಲ್ಲ. ಬಿಪಿ, ಸೊಂಟದ ಸುತ್ತಳತೆ, ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ), ಕೊಲೆಸ್ಟ್ರಾಲ್ ನೋಡಲೇಬೇಕು. ಎರಡು ಮಹಡಿ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆಯೇ ಎಂದು ಕೇಳುತ್ತೇನೆ. ಹಿಡಿಯುವುದಾದರೆ ಮೊದಲು ಹೃದಯ ತಜ್ಞರ ಬಳಿ ಹೋಗಬೇಕು. ಆಸೆಯೇ ಕುಗ್ಗಿದ್ದರೆ ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ ಟೆಸ್ಟೊಸ್ಟೆರಾನ್ ಪರೀಕ್ಷೆ. ಕಡಿಮೆ ಬಂದರೆ ಇನ್ನೊಂದು ಬೆಳಿಗ್ಗೆ ಮತ್ತೆ ಮಾಡಿಸದೆ ಹಾರ್ಮೋನ್ ಚಿಕಿತ್ಸೆ ಶುರು ಮಾಡುವುದಿಲ್ಲ.

ಬೆಳಗಿನ ಜಾವ ಚೆನ್ನಾಗಿ ನಿಮಿರುತ್ತದೆ, ಹಸ್ತಮೈಥುನದಲ್ಲೂ ತೊಂದರೆಯಿಲ್ಲ, ಹೆಂಡತಿಯ ಜೊತೆ ಮಾತ್ರ ಆಗುವುದಿಲ್ಲ ಎಂದರೆ ನರ, ರಕ್ತನಾಳ ಬಹುತೇಕ ಸರಿಯಿವೆ, ಆತಂಕ ಅಡ್ಡ ಬಂದಿದೆ. ಹೊಸದಾಗಿ ಮದುವೆಯಾದ ಹುಡುಗರಲ್ಲಿ ಇದು ಹೆಚ್ಚು. ಧಾತು ಹೋಗಿ ಶಕ್ತಿ ಕಳೆದುಕೊಂಡೆ ಎಂಬ ಹೆದರಿಕೆಯೂ ಇದರ ಜೊತೆ ಸೇರಿರುತ್ತದೆ. ವೀರ್ಯ ಹೋದರೆ ದೇಹ ಸೊರಗುವುದಿಲ್ಲ ಎಂದು ಸಾವಧಾನವಾಗಿ ಹೇಳಬೇಕು, ಗದರಿಸಬಾರದು. ಕೆಲವು ವಾರ ಸಂಭೋಗದ ಗುರಿಯನ್ನೇ ಬಿಟ್ಟು ಬರೀ ಸ್ಪರ್ಶಕ್ಕೆ ಸಮಯ ಕೊಡಿ ಎಂದು ಇಬ್ಬರನ್ನೂ ಕೂರಿಸಿ ಹೇಳುತ್ತೇನೆ.

ಬೇರೆ ಕಾಯಿಲೆಯ ಔಷಧದ ಚೀಟಿಗಳನ್ನೂ ತರಿಸಿ ನೋಡುತ್ತೇನೆ. ಬಿಪಿಗೆ ಕೊಡುವ ಅಟೆನೊಲಾಲ್, ಥಯಾಜೈಡ್, ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ಕಾರಣವಾಗಿರಬಹುದು. ತಾವಾಗಿ ನಿಲ್ಲಿಸಬಾರದು, ಬರೆದ ವೈದ್ಯರೇ ಬದಲಿಸಬೇಕು. ಸಿಗರೇಟು, ಗುಟ್ಕಾ ಬಿಡಲೇಬೇಕು. ಹೆಸರಿಲ್ಲದ "ಶಕ್ತಿ" ಪುಡಿಗಳನ್ನೂ ಬಿಡಿಸುತ್ತೇನೆ. ಅಂಥವುಗಳಲ್ಲಿ ಅಳತೆಯಿಲ್ಲದೆ ಸಿಲ್ಡೆನಾಫಿಲ್ ಬೆರೆಸಿದ್ದು ಹಲವು ಸಲ ಪತ್ತೆಯಾಗಿದೆ. ನೈಟ್ರೇಟ್ ನುಂಗುವ ಮನುಷ್ಯ ಗಿಡಮೂಲಿಕೆ ಎಂದು ನಂಬಿ ಅದನ್ನು ತಿಂದರೆ ಏನಾದೀತು?

ಇಷ್ಟಾದರೂ ಫಲ ಸಿಗದಿದ್ದರೆ ಶಿಶ್ನಕ್ಕೆ ರಕ್ತ ಎಳೆದು ತುಂಬಿಸುವ ನಿರ್ವಾತ ಪಂಪ್ ಇದೆ, ಆ ರಕ್ತ ಇಳಿಯದಂತೆ ಬುಡಕ್ಕೆ ಹಾಕಿದ ರಿಂಗನ್ನು 30 ನಿಮಿಷದೊಳಗೆ ತೆಗೆಯಬೇಕು. ಶಿಶ್ನದ ಪಕ್ಕಕ್ಕೆ ಸಣ್ಣ ಸೂಜಿಯಲ್ಲಿ ಕೊಡುವ ಇಂಜೆಕ್ಷನ್ ಇದೆ, ಮೊದಲ ಡೋಸು ಕ್ಲಿನಿಕ್ಕಿನಲ್ಲೇ ಆಗಬೇಕು. ಶಸ್ತ್ರಚಿಕಿತ್ಸೆ ಮಾಡಿ ಶಿಶ್ನದೊಳಗೆ ಕೂರಿಸುವ ಇಂಪ್ಲಾಂಟ್ ಕೊನೆಯ ದಾರಿ, ಒಳಗಿನ ಸ್ಪಂಜಿನಂಥ ಭಾಗ ಹಾಳಾಗುವುದರಿಂದ ಆಮೇಲೆ ಹಿಂದಿನ ಸ್ಥಿತಿಗೆ ಮರಳಲಾಗದು. ಯಾವ ಚಿಕಿತ್ಸೆಯಲ್ಲೇ ಆಗಲಿ ನಿಮಿರಿದ್ದು ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ನಾಚಿಕೊಂಡು ಬೆಳಗಾಗುವವರೆಗೆ ಕಾಯದೆ ತುರ್ತು ವಿಭಾಗಕ್ಕೆ ಬರಬೇಕು. ನಿಂತ ರಕ್ತವನ್ನು ಸೂಜಿಯಿಂದ ತೆಗೆದು, ರಕ್ತನಾಳ ಕುಗ್ಗಿಸುವ ಫೆನೈಲೆಫ್ರಿನ್ ಕೊಟ್ಟರೆ ಸರಿಹೋಗುತ್ತದೆ. ತಡವಾದಷ್ಟೂ ಒಳಗಿನ ಸ್ನಾಯು ಸಾಯುತ್ತದೆ.